ಡೆಪ್ಯುಟಿ ಚೆನ್ನಬಸಪ್ಪನವರು: ಮಗುವಿನ ಮನೆನುಡಿಗೆ ಶಾಲೆಯಲ್ಲಿ ಮಣೆ ಹಾಕಿದ ಮಹನೀಯರು

ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಯಲ್ಲಿ ಕಟ್ಟಡಕ್ಕೆ ಕಲ್ಲು ಕೊಟ್ಟವರನ್ನೂ, ಪ್ರಸಾದ ನಿಲಯಕ್ಕೆ ಅಕ್ಕಿ ಕೊಟ್ಟವರನ್ನೂ, ಅಕ್ಷರಕ್ಕೆ ಆಯುಷ್ಯವನ್ನೇ ಕೊಟ್ಟವರನ್ನೂ ನೆನೆಯುವುದು ನಮ್ಮ ಸತ್ಸಂಪ್ರದಾಯ. ಈ ಲೇಖನದಲ್ಲಿ ನಾನು ನೆನೆಯಲು ಹೊರಟಿರುವ ಮಹನೀಯರು ಅಜ್ಜಂಪುರದ ಸೀಮೆಯವರಲ್ಲ. ಅವರ ಕಾರ್ಯಕ್ಷೇತ್ರ ತುಂಗಭದ್ರೆಯ ಆಚೆಯ ಧಾರವಾಡ, ಬೆಳಗಾವಿಗಳು. ಅವರು ಲಿಂಗೈಕ್ಯರಾಗಿ ನೂರನಲವತ್ತು ವರ್ಷಗಳಿಗೂ ಮೇಲಾಯಿತು. ಆದರೂ ಕನ್ನಡ ನಾಡಿನ ಯಾವುದೇ ಊರಿನಲ್ಲಿ ಒಂದನೆಯ ತರಗತಿಯ ಮಗು ತನ್ನ ತಾಯಿಯ ಬಾಯಿಂದ ಕೇಳಿದ ನುಡಿಯಲ್ಲಿಯೇ ಗುರುವಿನ ಮೊದಲ ಮಾತನ್ನೂ ಕೇಳುವಾಗ, ಅಲ್ಲಿ ಆ ಮಹನೀಯರ ಋಣದ ಒಂದು ಪಾಲು ಇದ್ದೇ ಇರುತ್ತದೆ. ಅವರೇ ಡೆಪ್ಯುಟಿ ಚೆನ್ನಬಸಪ್ಪನವರು.

ಅವರ ಚರಿತ್ರೆಯನ್ನು ಕನ್ನಡದ ಅಭಿಮಾನದ ಕಥೆಯಾಗಿ ಹೇಳುವವರು ಅನೇಕರುಂಟು; ಹಾಗೆ ಹೇಳುವುದು ಯುಕ್ತವೂ ಹೌದು. ಆದರೆ ನಾಲ್ಕು ದಶಕಗಳ ಸಮೀಪ ಮಕ್ಕಳ ನಡುವೆ ಕಳೆದ ನನಗೆ ಅದು ಇನ್ನೊಂದು ಪ್ರಶ್ನೆಗೆ ಉತ್ತರವಾಗಿ ತೋರುತ್ತದೆ. ಶಾಲೆಯ ಹೊಸ್ತಿಲನ್ನು ಮೊದಲ ಬಾರಿ ದಾಟುವ ಮಗು ಬರಿಗೈಯಲ್ಲಿ ಬರುತ್ತದೆಯೇ, ಅಥವಾ ಏನನ್ನಾದರೂ ಹೊತ್ತು ತರುತ್ತದೆಯೇ? ಬರಿಗೈಯಲ್ಲಿ ಬರುತ್ತದೆಂದು ನಂಬುವ ಗುರು ತನಗೆ ತೋಚಿದ್ದನ್ನು ಅದರ ತಲೆಗೆ ತುಂಬುತ್ತಾನೆ. ಏನನ್ನೋ ಹೊತ್ತು ತರುತ್ತದೆಂದು ಅರಿತ ಗುರು ಮೊದಲು ಆ ಗಂಟನ್ನು ಬಿಚ್ಚಿ ನೋಡುತ್ತಾನೆ. ಚೆನ್ನಬಸಪ್ಪನವರ ಬಾಳಿನ ಕಾಯಕ ಈ ಎರಡನೆಯ ದಾರಿಯನ್ನು ನಮ್ಮ ನಾಡಿನ ಶಾಲೆಗಳಿಗೆ ತೆರೆಯಿತೆಂಬುದು ನನ್ನ ನಂಬುಗೆ.

ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಅಂದಿನ ಓದುಬರಹದ ಸ್ಥಿತಿಯನ್ನು ನೋಡಬೇಕು. ಸರ್ಕಾರದ ಶಾಲೆಗಳು ಬರುವುದಕ್ಕೆ ಮೊದಲು ನಮ್ಮ ಊರುಗಳಲ್ಲಿ ಇದ್ದದ್ದು ಕೂಲಿಮಠ. ಅಯ್ಯನವರ ಜಗಲಿಯೋ, ಗುಡಿಯ ಪೌಳಿಯೋ, ಮಠದ ಪಡಸಾಲೆಯೋ ಅದರ ಸ್ಥಾನ. ಶಾಲೆಗೆ ಮಠವೆಂಬ ಹೆಸರು ರೂಢಿಯಾದದ್ದೇ ಹೀಗೆ. ಮಗು ಹಾಸಿದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಮುಂದೆ ಹಲಗೆ, ಬಳಪ, ಕಡತಗಳಿಗೆ ಏರುತ್ತಿತ್ತು. ದೊಡ್ಡ ಹುಡುಗ ಚಿಕ್ಕ ಹುಡುಗನಿಗೆ ಕಲಿಸುತ್ತಿದ್ದನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇದೇ ಬಗೆಯ ಪದ್ಧತಿಯನ್ನು ಕಂಡು ಮೆಚ್ಚಿ ಇಂಗ್ಲೆಂಡಿಗೆ ಕೊಂಡೊಯ್ದನೆಂಬುದು ಶಿಕ್ಷಣದ ಇತಿಹಾಸದಲ್ಲಿ ಪ್ರಸಿದ್ಧ.

1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ತನ್ನ ಜಿಲ್ಲೆಯ ಮಠಗಳ ಬಗ್ಗೆ ಮದರಾಸು ಸರ್ಕಾರಕ್ಕೆ ಒಂದು ವರದಿ ಕಳುಹಿಸಿದನು. ಆಗ ಆ ಜಿಲ್ಲೆಯಲ್ಲಿ 533 ಪಾಠಶಾಲೆಗಳೂ ಅವುಗಳಲ್ಲಿ 6,641 ವಿದ್ಯಾರ್ಥಿಗಳೂ ಇದ್ದರು. ಕನ್ನಡ ಮಠಗಳೂ ತೆಲುಗು ಮಠಗಳೂ ಅದರಲ್ಲಿ ಹೆಚ್ಚು ಪಾಲು. ವೀರಶೈವರ ಮಕ್ಕಳು ಬಸವಪುರಾಣ, ಚೆನ್ನಬಸವಪುರಾಣ, ಗಿರಿಜಾಕಲ್ಯಾಣಗಳನ್ನು ಓದುತ್ತಿದ್ದರೆಂದು ಆತ ಬರೆದಿದ್ದಾನೆ. ಮಿತವ್ಯಯದಲ್ಲಿ ಅಕ್ಷರ ಕಲಿಸುವ ಈ ಏರ್ಪಾಡನ್ನು ಆತ ಹೊಗಳಿದನು. ಒಂದು ದೋಷವನ್ನೂ ಎತ್ತಿ ತೋರಿದನು. ಆ ಕಾವ್ಯಗಳ ನುಡಿ ಮನೆಮಾತಿಗೆ ಬಹು ದೂರವಾದುದರಿಂದ ಮಕ್ಕಳು ಪದ್ಯಗಳನ್ನು ನಿರರ್ಗಳವಾಗಿ ಒಪ್ಪಿಸುತ್ತಿದ್ದರೇ ಹೊರತು ಅರ್ಥವನ್ನು ಅರಿಯುತ್ತಿರಲಿಲ್ಲ. ಎಷ್ಟೋ ಕಡೆ ಕಲಿಸುವವರಿಗೂ ಅದು ತಿಳಿಯುತ್ತಿರಲಿಲ್ಲ.

ಸಾಂಪ್ರದಾಯಿಕ ಪಾಠದಲ್ಲಿಯೇ ಬೆಳೆದ ನನ್ನಂಥವನಿಗೆ ಈ ಮಾತನ್ನು ಒಪ್ಪಲು ಸ್ವಲ್ಪ ಸಂಕೋಚವಾಗುತ್ತದೆ. ಕಂಠಪಾಠದಿಂದ ನಾಲಗೆ ತಿದ್ದುತ್ತದೆ, ಸ್ಮರಣಶಕ್ತಿ ಬಲಿಯುತ್ತದೆ. ಇದು ನನ್ನ ಸ್ವಾನುಭವ. ಆದರೆ ಒಪ್ಪಿಸುವುದು ಬೇರೆ, ಅರಿಯುವುದು ಬೇರೆ ಎಂಬುದೂ ಅಷ್ಟೇ ಸತ್ಯ. ಮಗ್ಗಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಸಂಜೆ ಹೊತ್ತು ಸಾಲಾಗಿ ನಿಂತು ಒಂದೇ ರಾಗದಲ್ಲಿ ಮಗ್ಗಿ ಹೇಳುವ ಮಗು ಏಳೆಂಟಲ ಐವತ್ತಾರು ಎಂದು ಹಾಡಬಲ್ಲುದು. ಏಳು ಸಾಲಿನಲ್ಲಿ ಸಾಲಿಗೆ ಎಂಟರಂತೆ ತೆಂಗಿನಕಾಯಿ ಜೋಡಿಸಿಟ್ಟು ಒಟ್ಟು ಎಷ್ಟೆಂದು ಕೇಳಿದರೆ, ಅದೇ ಮಗು ಒಂದರಿಂದ ಎಣಿಸಲು ತೊಡಗಬಹುದು. ಶಬ್ದವು ಬಾಯಿಗೆ ಬಂದಿದೆ. ಸಂಖ್ಯೆಯು ಬುದ್ಧಿಗೆ ಬಂದಿಲ್ಲ.

ಕೂಲಿಮಠದಲ್ಲಿ ಕಾವ್ಯದ ನುಡಿಯಾದರೂ ಕನ್ನಡವೇ ಆಗಿತ್ತು. ಧಾರವಾಡ, ಬೆಳಗಾವಿಯ ಸೀಮೆಯಲ್ಲಿ ಇದಕ್ಕಿಂತ ಮಿಗಿಲಾದ ತೊಡಕೊಂದು ಬಂದೊದಗಿತು. ಆ ಸೀಮೆ ಬಹುಕಾಲ ಪೇಶ್ವೆಗಳ ಆಳ್ವಿಕೆಯಲ್ಲಿತ್ತು. 1818ರಲ್ಲಿ ಪೇಶ್ವೆಯ ರಾಜ್ಯ ಮುಗಿದು ಇಂಗ್ಲಿಷರ ಆಡಳಿತ ಬಂದಾಗ ಕಚೇರಿಯ ಕಾಗದಪತ್ರಗಳು ಮರಾಠಿಯಲ್ಲಿದ್ದವು. ಕಚೇರಿಯ ಕಾರಕೂನರು ಮರಾಠಿ ಬಲ್ಲವರಾಗಿದ್ದರು. ಹೊಲದಲ್ಲಿ, ಸಂತೆಯಲ್ಲಿ, ಅಡಿಗೆಮನೆಯಲ್ಲಿ ಜನ ಆಡುತ್ತಿದ್ದುದು ಕನ್ನಡವೆಂಬುದು ಮುಂಬಯಿಯ ಸರ್ಕಾರದ ಕಿವಿಗೆ ಬೇಗನೆ ತಲುಪಲಿಲ್ಲ. ಸರ್ಕಾರ ಶಾಲೆಗಳನ್ನು ತೆರೆಯತೊಡಗಿದಾಗ ಅನೇಕ ಕಡೆ ಅವು ಮರಾಠಿ ಶಾಲೆಗಳೇ ಆದವು. ಧಾರವಾಡದಲ್ಲಿದ್ದ ವಾಲ್ಟರ್ ಎಲಿಯಟ್‌ನಂಥ ಕೆಲವು ಅಧಿಕಾರಿಗಳು ಕನ್ನಡದ ಪರವಾಗಿ ನಿಂತರೂ ಪ್ರವಾಹದ ದಿಕ್ಕು ಬದಲಾಗಲಿಲ್ಲ.

ಇಂಥ ಕಾಲದಲ್ಲಿ, 1830ರ ದಶಕದ ಮೊದಲ ಭಾಗದಲ್ಲಿ, ಧಾರವಾಡದ ಲಿಂಗಾಯತ ಮನೆತನವೊಂದರಲ್ಲಿ ಚೆನ್ನಬಸಪ್ಪನವರು ಜನಿಸಿದರು. ಊರಿನಲ್ಲಿ ದೊರೆಯುವಷ್ಟು ವಿದ್ಯೆಯನ್ನು ಪಡೆದ ಮೇಲೆ ಹೆಚ್ಚಿನ ಓದಿಗಾಗಿ ಅವರು ಪುಣೆಯ ಹಾದಿ ಹಿಡಿದರು. ಅಂದು ಧಾರವಾಡಕ್ಕೆ ರೈಲು ಇರಲಿಲ್ಲ. ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕಾಲ್ನಡಿಗೆಯಲ್ಲಿಯೋ ಬಂಡಿಯಲ್ಲಿಯೋ ಸವೆಸಬೇಕಾಗಿದ್ದ ಕಾಲ ಅದು. ಪುಣೆಯಲ್ಲಿ 1854ರಲ್ಲಿ ಇಂಜಿನಿಯರಿಂಗ್ ಕಲಿಸುವ ಶಾಲೆ ಆರಂಭವಾಗಿದ್ದಿತು. ಚೆನ್ನಬಸಪ್ಪನವರು ಅಭ್ಯಾಸ ಮಾಡಿದುದು ಈ ವಿದ್ಯೆಯನ್ನೇ. ಲೆಕ್ಕ, ಅಳತೆ, ರೇಖಾಗಣಿತಗಳೇ ಆ ವಿದ್ಯೆಯ ಜೀವಾಳ. ರಸ್ತೆ, ಸೇತುವೆ ಕಟ್ಟುವ ಇಲಾಖೆಯಲ್ಲಿ ಅಧಿಕಾರವೂ ಸಂಪಾದನೆಯೂ ಅವರಿಗೆ ಸುಲಭಸಾಧ್ಯವಾಗಿದ್ದವು. ಅವರು ಮರಳಿ ಬಂದು ಹಿಡಿದದ್ದು ಶಿಕ್ಷಕ ವೃತ್ತಿಯನ್ನು.

ಧಾರವಾಡದಲ್ಲಿ ಶಿಕ್ಷಕರನ್ನು ಸಿದ್ಧಗೊಳಿಸುವ ನಾರ್ಮಲ್ ಶಾಲೆಯೊಂದಿತ್ತು. ಮುಂದೆ ಟ್ರೇನಿಂಗ್ ಕಾಲೇಜೆಂದು ಹೆಸರಾದ ಸಂಸ್ಥೆ ಇದೇ. ಚೆನ್ನಬಸಪ್ಪನವರು ಅದರ ಮುಖ್ಯಾಧ್ಯಾಪಕರಾದರು. ಮಗುವಿಗೆ ಪಾಠ ಹೇಳುವವರು ಒಂದು ತರಗತಿಯನ್ನು ತಿದ್ದಬಲ್ಲರು. ಗುರುವಿಗೆ ಪಾಠ ಹೇಳುವವರು ನೂರು ಊರುಗಳನ್ನು ತಿದ್ದಬಲ್ಲರು. ಕನ್ನಡದಲ್ಲಿ ಕಲಿಸಬಲ್ಲ ಶಿಕ್ಷಕರು ದೊರೆಯರೆಂಬುದು ಮರಾಠಿ ಶಾಲೆಗಳ ಪರವಾಗಿ ಹೇಳಬಹುದಾಗಿದ್ದ ದೊಡ್ಡ ನೆಪ. ಆ ನೆಪಕ್ಕೆ ಎಡೆಯಿಲ್ಲದಂತೆ ಮಾಡುವ ಸ್ಥಾನದಲ್ಲಿಯೇ ಅವರು ನಿಂತರು.

ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪರನುಡಿಯಲ್ಲಿ ಕಲಿಯುವ ಮಗುವಿಗೆ ಕಥೆ, ಪದ್ಯಗಳು ತಿಳಿಯಲಾರವು, ಲೆಕ್ಕಕ್ಕೆ ಮಾತ್ರ ಭಾಷೆಯ ಹಂಗಿಲ್ಲ ಎಂದು ಹಲವರು ತಿಳಿಯುತ್ತಾರೆ. ಇದು ತಪ್ಪು. ಕನ್ನಡದಲ್ಲಿ ಇಪ್ಪತ್ತು ಎಂಬುದನ್ನು ಕಲಿತ ಮಗುವಿಗೆ ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು ಎಂಬವು ತಾವಾಗಿಯೇ ಬರುತ್ತವೆ. ಹತ್ತರ ಗುಂಪು ಮೊದಲು, ಬಿಡಿ ಅನಂತರ. ಬರೆಯುವ ಕ್ರಮವೂ ಅದೇ, ನುಡಿಯುವ ಕ್ರಮವೂ ಅದೇ. ಮರಾಠಿಯಲ್ಲಿ ಏಕವೀಸ, ಬಾವೀಸ, ತೇವೀಸ ಎಂದು ಬಿಡಿ ಮುಂದೆ ಬರುತ್ತದೆ, ಹತ್ತರ ಗುಂಪು ಹಿಂದೆ ನಿಲ್ಲುತ್ತದೆ. ಇಪ್ಪತ್ತೊಂಬತ್ತಕ್ಕೆ ಏಕೋಣತೀಸ, ಎಂದರೆ ಒಂದು ಕಡಿಮೆ ಮೂವತ್ತು. ನಲವತ್ತೈದು ಪಂಚೇಚಾಳೀಸವಾಗುತ್ತದೆ. ನೂರರವರೆಗಿನ ಹೆಸರುಗಳಲ್ಲಿ ಬಹುಪಾಲನ್ನು ಒಂದೊಂದಾಗಿ ನೆನಪಿಡಬೇಕು. ಭಿನ್ನರಾಶಿಯಲ್ಲೂ ಹಾಗೆಯೇ. ನಮ್ಮ ಒಂದೂವರೆಯಲ್ಲಿ ಒಂದೂ ಇದೆ, ಅರೆಯೂ ಇದೆ. ಎರಡೂವರೆಯಲ್ಲಿ ಎರಡೂ ಇದೆ, ಅರೆಯೂ ಇದೆ. ಮರಾಠಿಯ ದೀಡ, ಅಡೀಚಗಳಲ್ಲಿ ಅನ್ಯಭಾಷೆಯ ಮಗುವಿಗೆ ಆ ಒಂದೂ ಕಾಣದು, ಎರಡೂ ಕಾಣದು. ಅವುಗಳ ಮಗ್ಗಿಗಳಾದ ದಿಡಕಿ, ಅಡೀಚಕಿಗಳನ್ನು ಅದು ಮಂತ್ರದಂತೆ ಉರುಹಚ್ಚಬೇಕು.

ಇದು ಮರಾಠಿಯ ದೋಷವೆಂದು ಯಾರೂ ತಿಳಿಯಬಾರದು. ಮರಾಠಿ ತಾಯಿಯ ಮಡಿಲಲ್ಲಿ ಬೆಳೆದ ಮಗುವಿಗೆ ಏಕೋಣತೀಸವು ಎದೆಹಾಲಿನೊಡನೆ ಬರುತ್ತದೆ. ಆ ಭಾಷೆಯ ಗಣಿತಜ್ಞರೂ ಲೆಕ್ಕಿಗರೂ ಲೋಕಪ್ರಸಿದ್ಧರು. ದೋಷವಿದ್ದುದು ಭಾಷೆಯಲ್ಲಲ್ಲ, ಹೊಂದಿಕೆಯಲ್ಲಿ. ಮನೆಯಲ್ಲಿ ಅಜ್ಜಿಯ ಮುಂದೆ ಇಪ್ಪತ್ತೊಂಬತ್ತು ಹುಣಿಸೆಬೀಜ ಎಣಿಸಿದ್ದ ಕನ್ನಡದ ಕಂದ ಶಾಲೆಯಲ್ಲಿ ಆ ಎಣಿಕೆಯನ್ನು ಮರೆತು ಹೊಸದಾಗಿ ಎಣಿಸಲು ಕಲಿಯಬೇಕಾಗಿತ್ತು. ಕೈಯಲ್ಲಿದ್ದ ಗಂಟನ್ನು ಬಾಗಿಲಲ್ಲಿ ಕಸಿದುಕೊಂಡು, ಒಳಗೆ ಬಂದ ಮೇಲೆ ಬಡವನೆಂದು ಕರೆದಂತಾಯಿತು. ಗಣಿತವನ್ನು ಆಳವಾಗಿ ಓದಿ, ಬಳಿಕ ಮಕ್ಕಳ ಶಾಲೆಗಳನ್ನು ಹತ್ತಿರದಿಂದ ಕಂಡ ಚೆನ್ನಬಸಪ್ಪನವರಿಗೆ ಈ ಅನ್ಯಾಯ ಕಾಣದೆ ಹೋಗುವುದು ಅಸಂಭವ.

ಅಧ್ಯಾಪನದಿಂದ ಅವರು ಶಾಲಾ ತನಿಖೆಯ ಅಧಿಕಾರಕ್ಕೆ ಬಂದರು. ಡೆಪ್ಯುಟಿ ಎಜುಕೇಶನಲ್ ಇನ್ಸ್‌ಪೆಕ್ಟರ್ ಎಂಬ ಹುದ್ದೆಯ ಮೊದಲ ಪದವೇ ಜನರ ಬಾಯಲ್ಲಿ ಅವರ ಹೆಸರಿಗೆ ಅಂಟಿಕೊಂಡಿತು. ಆ ಹುದ್ದೆಯಲ್ಲಿ ಎಷ್ಟೋ ಜನ ಇದ್ದು ಹೋದರು. ಜನ ನೆನಪಿಟ್ಟ ಡೆಪ್ಯುಟಿ ಇವರೊಬ್ಬರೇ. ಬೆಳಗಾವಿ ಸೀಮೆಯ ಊರುಗಳನ್ನು ಸುತ್ತುತ್ತ ಅವರು ಕಂಡದ್ದು ಒಂದೇ ನೋಟ. ಶಾಲೆಯ ಫಲಕ ಮರಾಠಿ, ಪುಸ್ತಕ ಮರಾಠಿ, ಒಳಗೆ ಕುಳಿತ ಮಕ್ಕಳ ಬಾಯಿ ಮಾತ್ರ ಕನ್ನಡ. ಜನರ ಮಾತು ಯಾವುದೋ ಶಾಲೆಯ ಮಾತೂ ಅದೇ ಆಗಬೇಕೆಂಬ ನ್ಯಾಯವನ್ನು ಮೇಲಧಿಕಾರಿಗಳ ಮುಂದಿಟ್ಟು, ಒಪ್ಪಿಗೆ ಪಡೆದು, ಒಂದೊಂದಾಗಿ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸಿದರು. ಮರಾಠಿ ಶಾಲೆ ಎಂಬ ಫಲಕ ಇಳಿದು ಕನ್ನಡ ಶಾಲೆ ಎಂಬ ಫಲಕ ಏರಿತು.

ಇದು ಕೂಗಾಟದಿಂದ ಆದ ಕೆಲಸವಲ್ಲ. 1854ರಲ್ಲಿ ಇಂಗ್ಲೆಂಡಿನಿಂದ ಬಂದ ವುಡ್ ಎಂಬವನ ಶಿಕ್ಷಣಪತ್ರವೇ ಜನಸಾಮಾನ್ಯರ ವಿದ್ಯಾಭ್ಯಾಸ ಜನರ ಮಾತಿನಲ್ಲಿ ನಡೆಯಬೇಕೆಂದು ವಿಧಿಸಿದ್ದಿತು. ಸರ್ಕಾರದ ಮಾತನ್ನೇ ಸರ್ಕಾರದ ನೆನಪಿಗೆ ತರುವುದಷ್ಟೇ ಬೇಕಾಗಿತ್ತು. ದಕ್ಷಿಣ ವಿಭಾಗದ ವಿದ್ಯಾಧಿಕಾರಿಯಾಗಿದ್ದ ರಸೆಲ್ ಸಾಹೇಬರು ಕನ್ನಡದ ಹಿತೈಷಿಗಳಾಗಿದ್ದುದರಿಂದ ಚೆನ್ನಬಸಪ್ಪನವರಿಗೆ ಬೆಂಬಲ ದೊರೆಯಿತು. ಕನ್ನಡ ಶಾಸನಗಳ ಸಂಶೋಧನೆಯಿಂದ ಕೀರ್ತಿವಂತನಾದ ಜೆ. ಎಫ್. ಫ್ಲೀಟ್ ಕೂಡ 1872ರಲ್ಲಿ ಇದೇ ವಿಭಾಗದ ವಿದ್ಯಾಧಿಕಾರಿಯಾಗಿ ಬಂದನು. ಅಧಿಕಾರಿಗಳು ಬಂದರು, ಹೋದರು. ದಾರಿ ತೋರಿದ ಡೆಪ್ಯುಟಿ ನೆಲದವರೇ ಆಗಿ ಉಳಿದರು.

ಫಲಕ ಬದಲಾದ ಮಾತ್ರಕ್ಕೆ ಪಾಠ ಬದಲಾಗುವುದಿಲ್ಲ. ಕನ್ನಡದಲ್ಲಿ ಪುಸ್ತಕ ಬೇಕು, ಗುರುವಿಗೆ ದಾರಿ ತೋರುವ ಬರಹ ಬೇಕು, ಕಾವ್ಯದ ನುಡಿಗೂ ಮನೆಯ ನುಡಿಗೂ ನಡುವೆ ಸೇತುವೆಯಾಗುವ ಗದ್ಯ ಬೇಕು. ಈ ಕೆಲಸಕ್ಕೆ ಧಾರವಾಡದಲ್ಲಿ ಒಂದು ವಿದ್ವದ್ಗೋಷ್ಠಿಯೇ ನೆರೆಯಿತು. ಬಾಣಭಟ್ಟನ ಕಾದಂಬರಿಯನ್ನು ಕನ್ನಡಕ್ಕೆ ತಂದ ಗಂಗಾಧರ ಮಡಿವಾಳೇಶ್ವರ ತುರಮರಿಯವರು (1827–1877), ಬಹು ಗ್ರಂಥಗಳನ್ನು ರಚಿಸಿದ ವೆಂಕಟ ರಂಗೋ ಕಟ್ಟಿಯವರು (1833–1909) ಮೊದಲಾದವರು ಆ ಕಾಲದ ಶಿಕ್ಷಣ ಕಾರ್ಯದಲ್ಲಿ ಚೆನ್ನಬಸಪ್ಪನವರ ಸಮಕಾಲೀನರು. ಲಿಂಗಾಯತರು, ಬ್ರಾಹ್ಮಣರು, ಪರದೇಶದ ಅಧಿಕಾರಿಗಳು ಎಂಬ ಭೇದ ಆ ಗೋಷ್ಠಿಯ ಕೆಲಸಕ್ಕೆ ಅಡ್ಡ ಬರಲಿಲ್ಲವೆಂಬುದನ್ನು ನಾವಿಂದು ಗಮನಿಸಬೇಕು.

1865ರಲ್ಲಿ ಧಾರವಾಡದಿಂದ ಮಠಪತ್ರಿಕೆಯೆಂಬ ಮಾಸಪತ್ರಿಕೆ ಹೊರಟಿತು. ಇಲ್ಲಿ ಮಠವೆಂದರೆ ಶಾಲೆಯೆಂದೇ ಅರ್ಥ. ದೂರದೂರದ ಹಳ್ಳಿಗಳಲ್ಲಿ ಒಬ್ಬೊಬ್ಬರೇ ಕುಳಿತು ಪಾಠ ಹೇಳುವ ಗುರುಗಳಿಗೆ ಅದು ತಿಂಗಳಿಗೊಮ್ಮೆ ಬರುವ ಒಡನಾಡಿಯಾಯಿತು. ಹೆಸರು ಬದಲಾದರೂ ಆ ಪರಂಪರೆ ಕಡಿಯಲಿಲ್ಲ. ಧಾರವಾಡದ ಜೀವನ ಶಿಕ್ಷಣ ಪತ್ರಿಕೆ ತನ್ನ ಮೂಲವನ್ನು ಅಲ್ಲಿಯೇ ಗುರುತಿಸುತ್ತದೆ. ಶಿಕ್ಷಕರಿಗಾಗಿ ಶಿಕ್ಷಕರು ನಡೆಸಿದ ಪತ್ರಿಕೆಯೊಂದು ಇಷ್ಟು ದೀರ್ಘಕಾಲ ಬಾಳಿದುದು ಅಪೂರ್ವ. ಇದಲ್ಲದೆ ಚೆನ್ನಬಸಪ್ಪನವರು 1871ರಲ್ಲಿ ಶೇಕ್ಸ್‌ಪಿಯರನ ಹಾಸ್ಯನಾಟಕವೊಂದನ್ನು ಕನ್ನಡಕ್ಕೆ ತಂದರು. ಒಂದೇ ರೂಪದ ಅವಳಿಗಳನ್ನು ಜನ ಅದಲುಬದಲಾಗಿ ತಿಳಿದು ತೊಡಕಿಗೆ ಸಿಕ್ಕುವ ಆ ಕಥೆ ಮಕ್ಕಳನ್ನೂ ದೊಡ್ಡವರನ್ನೂ ಸಮನಾಗಿ ನಗಿಸುವಂಥದು. ಶೇಕ್ಸ್‌ಪಿಯರನು ಕನ್ನಡಕ್ಕೆ ಕಾಲಿಟ್ಟ ಮೊದಲ ಹೆಜ್ಜೆಗಳಲ್ಲಿ ಇದೂ ಒಂದು. ಇಂಜಿನಿಯರಿಂಗ್ ಓದಿದವರ ಕೈಯಿಂದ ಇಂಥ ಕಥೆ ಬಂದುದನ್ನು ಕಂಡು ನಾವು ಅಚ್ಚರಿಪಡಬೇಕಾಗಿಲ್ಲ. ಓದಿ ನಗಬಲ್ಲ ಮಗು ಓದನ್ನು ಅರಿತಿದೆ ಎಂಬುದಕ್ಕೆ ಬೇರೆ ಪರೀಕ್ಷೆ ಬೇಡ.

1881ರ ಜನವರಿಯಲ್ಲಿ ಚೆನ್ನಬಸಪ್ಪನವರು ಲಿಂಗೈಕ್ಯರಾದರು. ಐವತ್ತು ವರ್ಷವೂ ತುಂಬದ ಆಯುಷ್ಯ. ಅವರು ಬಿತ್ತಿದ ಬೀಜ ಮಾತ್ರ ಒಣಗಲಿಲ್ಲ. ಎರಡು ವರ್ಷಗಳ ಬಳಿಕ, 1883ರಲ್ಲಿ, ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮುಂತಾದವರ ಪ್ರಯತ್ನದಿಂದ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ. ಶಾಲೆಯಲ್ಲಿ ಕನ್ನಡ ಕಲಿತವರ ಮಕ್ಕಳು, ಮೊಮ್ಮಕ್ಕಳು ಏಕೀಕರಣದ ಕನಸು ಕಂಡರು. ಅದು 1956ರಲ್ಲಿ ನನಸಾಯಿತು. ಕಡೂರು, ತರೀಕೆರೆ, ಅಜ್ಜಂಪುರದ ನಾವೂ ಧಾರವಾಡ, ಬೆಳಗಾವಿಯ ಅವರೂ ಒಂದೇ ರಾಜ್ಯದ ಮಕ್ಕಳಾದೆವು. ಒಂದೇ ಪಠ್ಯಪುಸ್ತಕ ಇಬ್ಬರ ಮಡಿಲಿಗೂ ಬಂದಿತು.

ಅವರ ಕಾಲದಲ್ಲಿ ಮಕ್ಕಳ ಮನಸ್ಸಿನ ಶಾಸ್ತ್ರ ಇನ್ನೂ ಬೆಳೆದಿರಲಿಲ್ಲ. ಅವರು ನ್ಯಾಯಬುದ್ಧಿಯಿಂದ ಮಾಡಿದುದಕ್ಕೆ ಆಮೇಲೆ ಬಂದ ಶಾಸ್ತ್ರ ಪ್ರಮಾಣ ಒದಗಿಸಿತು. ಮಗು ಮಾತನ್ನು ಗಿಳಿಯಂತೆ ಕಲಿಯುವುದಿಲ್ಲವೆಂಬುದು ಇಂದು ಸಿದ್ಧವಾದ ಸಂಗತಿ. ತಿಂದೆ ಎನ್ನಬೇಕಾದಲ್ಲಿ ತಿನ್ನಿದೆ ಎನ್ನುವ ಕಂದನನ್ನು ನೋಡಿ. ಅದಕ್ಕೆ ಆ ರೂಪವನ್ನು ಯಾರೂ ಹೇಳಿಕೊಟ್ಟಿಲ್ಲ. ಮಾಡಿದೆ, ಆಡಿದೆ, ಓಡಿದೆಗಳನ್ನು ಕೇಳಿ, ಅವುಗಳೊಳಗಿನ ಸೂತ್ರವನ್ನು ತಾನೇ ಕಂಡು, ಸೂತ್ರವನ್ನು ಅತಿಯಾಗಿ ಅನ್ವಯಿಸಿದೆ. ಕೇಶಿರಾಜನ ಶಬ್ದಮಣಿದರ್ಪಣವನ್ನು ಕಾಣದ ವೈಯಾಕರಣ ಅದು. ಅದರ ತಪ್ಪು ಅಜ್ಞಾನದ ಗುರುತಲ್ಲ. ಬುದ್ಧಿ ನಡೆಯುತ್ತಿರುವುದರ ಗುರುತು.

ಸಂಖ್ಯೆಯಲ್ಲೂ ಹಾಗೆಯೇ. ಎರಡು ಮೂರು ವರ್ಷದ ಮಗು ಒಂದು, ಎರಡು, ಮೂರು ಎಂದು ಹಾಡುತ್ತದೆ. ಆದರೆ ಮೂರು ಬಾಳೆಹಣ್ಣು ಕೊಡೆಂದರೆ ಒಂದು ಹಿಡಿ ಎತ್ತಿ ಕೊಡುತ್ತದೆ. ಕೊನೆಗೆ ಎಣಿಸಿದ ಸಂಖ್ಯೆಯೇ ಒಟ್ಟು ಮೊತ್ತವೆಂಬ ಅರಿವು ಬರಲು ನಾಲ್ಕು ವರ್ಷದ ಸಮೀಪವಾಗಬೇಕು. ಒತ್ತಾಗಿ ಇಟ್ಟ ಎಂಟು ಬೀಜಗಳನ್ನು ಅಗಲಿಸಿ ಇಟ್ಟರೂ ಅವು ಎಂಟೇ ಎಂಬ ನಿಶ್ಚಯ ಸಾಮಾನ್ಯವಾಗಿ ಆರೇಳು ವರ್ಷಕ್ಕೆ ಬರುತ್ತದೆಂದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ತೋರಿಸಿದನು. ನಮ್ಮ ನುಡಿಯಲ್ಲಿ ಇನ್ನೊಂದು ವಿಶೇಷವುಂಟು. ವಸ್ತುವಾದರೆ ಎರಡು, ಮೂರು. ಮನುಷ್ಯರಾದರೆ ಇಬ್ಬರು, ಮೂವರು. ಎರಡು ಕರು, ಇಬ್ಬರು ಅಕ್ಕಂದಿರು ಎಂದು ಸರಿಯಾಗಿ ನುಡಿಯುವ ಮಗು ಸಂಖ್ಯೆಯನ್ನೂ ಲೋಕವನ್ನೂ ಒಟ್ಟಿಗೆ ವಿಂಗಡಿಸಿದೆ. ಕಾಲು ಎಂಬ ಪದವನ್ನೇ ನೋಡಿ. ಅಮೃತಮಹಲ್ ದನಗಳ ಈ ನಾಡಿನಲ್ಲಿ ನಾಲ್ಕು ಕಾಲಿನ ಹಸುವನ್ನು ಕಾಣದ ಮಗುವಿಲ್ಲ. ನಾಲ್ಕರಲ್ಲಿ ಒಂದು ಪಾಲು ಕಾಲು, ಮೂರು ಪಾಲು ಮುಕ್ಕಾಲು ಎಂದು ಹಸುವನ್ನು ತೋರಿಸಿ ಹೇಳಿದರೆ ಭಿನ್ನರಾಶಿಯ ಮೊದಲ ಪಾಠ ಕೊಟ್ಟಿಗೆಯಲ್ಲಿಯೇ ಮುಗಿಯಿತು. ಅನ್ಯನುಡಿಯಲ್ಲಿ ಈ ಸಿರಿ ಮಗುವಿಗೆ ದೊರೆಯಲಾರದು.

ಓದಿನ ವಿಷಯದಲ್ಲಿ ಕನ್ನಡದ ಮಕ್ಕಳನ್ನೇ ಕುರಿತು ನಡೆದ ಸಂಶೋಧನೆಯೂ ಇದೆ. ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿಯುವುದೇನೆಂದರೆ, ಗುಣಿತಾಕ್ಷರ, ಒತ್ತಕ್ಷರಗಳ ನಮ್ಮ ದೊಡ್ಡ ವರ್ಣಸಮುದಾಯ ಒಂದೆರಡು ವರ್ಷದಲ್ಲಿ ಕೈಗೆ ಬರುವಂಥದಲ್ಲ; ಪ್ರಾಥಮಿಕ ಶಾಲೆಯ ಹಲವು ವರ್ಷಗಳುದ್ದಕ್ಕೂ ಆ ಕಲಿಕೆ ನಡೆಯುತ್ತದೆ. ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಗದರುವ ಗುರುಗಳು ಇದನ್ನು ಮನಸ್ಸಿನಲ್ಲಿಡಬೇಕು.

ಹೀಗಿದ್ದರೂ ಕಾಲದ ಗಾಳಿ ಬೇರೆ ಕಡೆಗೆ ಬೀಸುತ್ತಿದೆ. ಮೊದಲ ನಾಲ್ಕು ತರಗತಿಗಳ ಪಾಠ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ಇರಬೇಕೆಂದು 1994ರಲ್ಲಿ ನಮ್ಮ ಸರ್ಕಾರ ವಿಧಿಸಿತು. ಮಾಧ್ಯಮವನ್ನು ಸರ್ಕಾರ ಹೇರಲಾಗದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಸಾಧ್ಯವಾದೆಡೆಯಲ್ಲೆಲ್ಲ ಐದನೆಯ ತರಗತಿಯವರೆಗಾದರೂ ಮನೆಮಾತಿನಲ್ಲಿ ಕಲಿಸಬೇ೵ಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ತಂದೆತಾಯಂದಿರು ಇಂಗ್ಲಿಷ್ ಬಯಸುವುದು ಅಪರಾಧವಲ್ಲ. ಚೆನ್ನಬಸಪ್ಪನವರೂ ಇಂಗ್ಲಿಷ್ ಬಲ್ಲವರೇ, ಇಂಗ್ಲಿಷಿನಿಂದ ಕನ್ನಡಕ್ಕೆ ಕಥೆ ತಂದವರೇ. ಇಂಗ್ಲಿಷ್ ಕಲಿಸುವುದು ಬೇರೆ, ಇಂಗ್ಲಿಷಿನಲ್ಲಿ ಎಣಿಕೆಯನ್ನೇ ಮೊದಲು ಕಲಿಸುವುದು ಬೇರೆ. ನಿರ್ಧಾರ ಏನೇ ಇರಲಿ, ಮಗು ಒಪ್ಪಿಸುತ್ತಿದೆಯೋ ಅರಿಯುತ್ತಿದೆಯೋ ಎಂಬ ಪ್ರಶ್ನೆಯನ್ನು ಕೇಳದೆ ನಿರ್ಧರಿಸಬಾರದೆಂದು ಆಡಳಿತ ಮಂಡಳಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನ ವಿನಂತಿ.

ಇಷ್ಟು ಹೇಳಿ ನನ್ನದೊಂದು ತಪ್ಪನ್ನು ಮರೆಮಾಚಿದರೆ ಈ ಬರಹ ಪ್ರಾಮಾಣಿಕವಾಗಲಾರದು. ನಾನು ವೃತ್ತಿಗೆ ಸೇರಿದ ಹೊಸತರಲ್ಲಿ ತಾಂಡಾದಿಂದ ಬರುತ್ತಿದ್ದ ಒಬ್ಬ ಲಂಬಾಣಿ ಬಾಲಕ ನನ್ನ ತರಗತಿಯಲ್ಲಿದ್ದನು. ಮೂವತ್ತರ ಮೇಲೆ ಎಣಿಸಲು ಹೇಳಿದರೆ ತಡವರಿಸುತ್ತಿದ್ದನು. ಇಬ್ಬರು ಎನ್ನುವಲ್ಲಿ ಎರಡು ಎನ್ನುತ್ತಿದ್ದನು. ಮಂದಮತಿಯೆಂದು ನಾನು ತೀರ್ಮಾನಿಸಿ ಹಿಂದಿನ ಸಾಲಿನಲ್ಲಿ ಕೂರಿಸಿದೆ. ಒಂದು ಸಂಜೆ ದಾರಿಯಲ್ಲಿ ಅವನು ಆಡು ಕುರಿಗಳನ್ನು ಹೊಡೆದುಕೊಂಡು ಬರುತ್ತಿದ್ದುದನ್ನು ಕಂಡೆ. ದೊಡ್ಡಿಯ ಬಾಗಿಲಲ್ಲಿ ನಿಂತು ತನ್ನ ಮನೆಮಾತಿನಲ್ಲಿ ಒಂದೊಂದನ್ನೇ ಎಣಿಸಿ ಒಳಗೆ ಬಿಟ್ಟು, ಅರುವತ್ತಕ್ಕೆ ಎರಡು ಕಡಿಮೆ ಬಂದುದನ್ನು ಆ ಕ್ಷಣವೇ ಅರಿತು, ಹಿಂದಕ್ಕೆ ಓಡಿ ಬೇಲಿಯ ಸಂದಿನಲ್ಲಿ ಸಿಕ್ಕಿದ್ದ ಎರಡು ಮರಿಗಳನ್ನು ಎತ್ತಿ ತಂದನು. ಎಣಿಕೆ, ವ್ಯವಕಲನ ಎರಡೂ ಅವನ ಬಳಿ ಇದ್ದವು. ಇಲ್ಲದಿದ್ದುದು ನನ್ನ ಭಾಷೆ ಮಾತ್ರ. ಧಾರವಾಡದ ಕನ್ನಡ ಕಂದನಿಗೆ ಮರಾಠಿ ಶಾಲೆ ಏನಾಗಿತ್ತೋ, ಆ ಬಾಲಕನಿಗೆ ನನ್ನ ಕನ್ನಡ ತರಗತಿ ಅದೇ ಆಗಿತ್ತು. ಚೆನ್ನಬಸಪ್ಪನವರ ಭಾವಚಿತ್ರಕ್ಕೆ ಹಾರ ಹಾಕುವ ಕೈ ಆ ಬಾಲಕನನ್ನು ಹಿಂದಿನ ಸಾಲಿಗೆ ತಳ್ಳಿತ್ತು.

ಮರುದಿನದಿಂದ ಅವನ ಮಾತಿನ ಸಂಖ್ಯೆಗಳನ್ನು ಅವನಿಂದ ನಾನು ಕಲಿತೆ. ನನ್ನ ಮಾತಿನವನ್ನು ಅವನು ನನ್ನಿಂದ ಕಲಿತನು. ವರ್ಷ ಮುಗಿಯುವುದರೊಳಗೆ ಅವನು ಮುಂದಿನ ಸಾಲಿನಲ್ಲಿದ್ದನು. ಚೆನ್ನಬಸಪ್ಪನವರ ಚರಿತ್ರೆಯ ತಿರುಳು ನನಗೆ ಪುಸ್ತಕದಲ್ಲಿ ತಿಳಿದುದಕ್ಕಿಂತ ಆ ದೊಡ್ಡಿಯ ಬಾಗಿಲಲ್ಲಿ ಚೆನ್ನಾಗಿ ತಿಳಿಯಿತು. ಕನ್ನಡಕ್ಕಾಗಿ ಅವರು ಕೇಳಿದ ನ್ಯಾಯ ಕನ್ನಡಕ್ಕೆ ಮಾತ್ರ ಸಲ್ಲುವ ನ್ಯಾಯವಲ್ಲ. ಲಂಬಾಣಿ, ಉರ್ದು, ತೆಲುಗು, ತಮಿಳು, ಯಾವ ಮನೆನುಡಿಯ ಮಗುವೇ ಆಗಲಿ, ತಂದ ಗಂಟನ್ನು ಬಿಚ್ಚಿ ನೋಡುವ ಗುರು ಅದಕ್ಕೆ ದೊರೆಯಬೇಕು.

ದೇವಭಾಷೆಯ ಗೌರವವನ್ನು ಬಲ್ಲವರಾಗಿದ್ದೂ ಹನ್ನೆರಡನೆಯ ಶತಮಾನದ ಶರಣರು ಅನುಭಾವವನ್ನು ಜನರ ನುಡಿಯಲ್ಲಿಯೇ ನುಡಿದರು. ಆ ಬೆಳಕು ಏಳು ಶತಮಾನಗಳ ಬಳಿಕ ಧಾರವಾಡದ ಶಾಲಾಮಾಸ್ತರರೊಬ್ಬರ ಕೈಯಲ್ಲಿ ಬಳಪವಾಗಿ, ಹಲಗೆಯಾಗಿ, ಮಗ್ಗಿಯಾಗಿ ಮಕ್ಕಳ ಮನೆಬಾಗಿಲಿಗೆ ಬಂದಿತು. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹದಲ್ಲಿ ಅಕ್ಷರವನ್ನು ಹೇಗೆ ಬಡಿಸಬೇಕೆಂಬುದನ್ನು ಅವರು ತೋರಿದರು. ಉಣ್ಣುವವರ ಹಸಿವನ್ನೂ ರುಚಿಯನ್ನೂ ಅರಿತು ಬಡಿಸುವುದೇ ದಾಸೋಹ.

ಈ ವರ್ಷ ನಮ್ಮ ಒಂದನೆಯ ತರಗತಿಗೆ ಬರುವ ಮಕ್ಕಳು ಎಂಥ ಗಂಟುಗಳನ್ನು ಹೊತ್ತು ತರುವರೋ ನಾವರಿಯೆವು. ಬಾಗಿಲಲ್ಲಿ ನಿಂತು ಅವನ್ನು ಪ್ರೀತಿಯಿಂದ ಇಳಿಸಿಕೊಳ್ಳುವ ಬುದ್ಧಿ ನಮಗೆಲ್ಲರಿಗೂ ಬರಲೆಂದು ಹಾರೈಸಿ, ಪ್ರಾತಃಸ್ಮರಣೀಯರಾದ ಚೆನ್ನಬಸಪ್ಪನವರಿಗೆ ನಮಿಸಿ ವಿರಮಿಸುತ್ತೇನೆ.